ಸಂಜೆ ಏಳೂವರೆ ಆದಮೇಲೆ ಆರ್‌ಟಿಕೆ ಫಿಕ್ಸ್ ನಿಲ್ತಿಲ್ಲ (ಪಾವಗಡ). ಸೌರ ಬಿರುಗಾಳಿನಾ, ಇನ್ವರ್ಟರ್ ಕಾಟನಾ?

ತಿರುಮಣಿ_ರೋವರ್ ಬರೆದದ್ದು:

ಪಾವಗಡ ತಾಲ್ಲೂಕಿನಲ್ಲಿ ಸೋಲಾರ್ ಕಂಬಗಳಿಗೆ ಪಾಯಿಂಟ್ ಗುರುತು ಹಾಕೋ ಕೆಲಸ. ಮಾರ್ಚ್ ಬಿಸಿಲಿಗೆ ಮಧ್ಯಾಹ್ನ ಆಳುಗಳು ನಿಲ್ಲೋಕಾಗಲ್ಲ, ಅದಕ್ಕೆ ಸಂಜೆ ನಾಲ್ಕರಿಂದ ರಾತ್ರಿ ಹತ್ತರವರೆಗೆ ಲೈಟ್ ಕಟ್ಟಿಕೊಂಡು ಮಾಡಿಸ್ತಿದ್ದಾರೆ.

ಆರ್‌ಟಿಕೆ ಅಂದ್ರೆ ಒಂದೇ ಕಡೆ ನಿಂತ ಬೇಸ್ ರಿಸೀವರ್ ಕಳಿಸೋ ಕರೆಕ್ಷನ್ (ತಿದ್ದುಪಡಿ) ಹಿಡಿದು, ಓಡಾಡೋ ರೋವರ್ ಸೆಂಟಿಮೀಟರ್ ಲೆಕ್ಕದಲ್ಲಿ ಜಾಗ ಹೇಳೋ ಉಪಗ್ರಹ ಅಳತೆ. ವ್ಯವಸ್ಥೆ ಹೀಗಿದೆ. ಕ್ಯಾಂಪ್ ಹತ್ತಿರ ಕಾಂಕ್ರೀಟ್ ಪಿಲ್ಲರ್ ಮೇಲೆ ಬೇಸ್, ರೋವರ್ ಹೆಚ್ಚೆಂದರೆ 6 ಕಿ.ಮೀ. ದೂರ, ಕರೆಕ್ಷನ್ ಯುಎಚ್‌ಎಫ್ ರೇಡಿಯೋದಲ್ಲಿ. ಜಿಪಿಎಸ್, ಗ್ಲೋನಾಸ್, ಗೆಲಿಲಿಯೋ, ಬೈಡೂ ನಾಲ್ಕೂ ಆನ್. ಮಾಸ್ಕ್ 10 ಡಿಗ್ರಿ (ಆಕಾಶದಲ್ಲಿ ಅದಕ್ಕಿಂತ ಕೆಳಗಿರೋ ಉಪಗ್ರಹ ಲೆಕ್ಕಕ್ಕಿಲ್ಲ). ಏಳು ಗಂಟೆವರೆಗೆ ಕೆಲವೇ ಸೆಕೆಂಡಿಗೆ ಫಿಕ್ಸ್ (ಸೆಂಟಿಮೀಟರ್ ನಿಖರತೆ) ಬರುತ್ತೆ, ಏನೂ ತಕರಾರಿಲ್ಲ. ಏಳೂವರೆ ದಾಟಿದರೆ ಫ್ಲೋಟ್‌ಗೆ (ಒರಟು ಅಂದಾಜಿಗೆ) ಬೀಳುತ್ತೆ. ಹತ್ತು ನಿಮಿಷ ಬರುತ್ತೆ, ಇಪ್ಪತ್ತು ನಿಮಿಷ ಹೋಗುತ್ತೆ. ಇದಕ್ಕಿಂತ ಕೆಟ್ಟದ್ದು, ಸ್ಕ್ರೀನ್ ಮೇಲೆ ಫಿಕ್ಸ್ ಅಂತಲೇ ತೋರಿಸಿ, ಅದೇ ಕಂಬದ ಎತ್ತರ ಬೆಳಗ್ಗೆ ನೋಡಿದರೆ 38 ಸೆಂ.ಮೀ. ಬೇರೆ ಬಂದಿದೆ. ನಮಗೆ ಬಿಟ್ಟಿರೋ ವ್ಯತ್ಯಾಸ ಅಡ್ಡಡ್ಡ 20 ಮಿ.ಮೀ., ಎತ್ತರಕ್ಕೆ 25 ಮಿ.ಮೀ. ಮಾತ್ರ. ಇಂಟರ್ನೆಟ್ ಮೂಲಕ 30 ಕಿ.ಮೀ. ಮೀರಿದ ಕಾರ್ಸ್ ಸ್ಟೇಷನ್ (ಸದಾ ಓಡೋ ಶಾಶ್ವತ ಬೇಸ್) ಹಿಡಿದರೆ ಇನ್ನೂ ಕೆಟ್ಟದಾಗುತ್ತೆ.

ಕಂಟ್ರಾಕ್ಟರ್ ಪಕ್ಕದ ಬ್ಲಾಕಿನ ಇನ್ವರ್ಟರ್ ಕಾಟ ಅಂತಾರೆ. ಉಪಕರಣ ಬಾಡಿಗೆಗೆ ಕೊಟ್ಟವರು ಆಂಟೆನಾ ಬದಲಿಸಿ ಅಂತಾರೆ. ಸೌರ ಬಿರುಗಾಳಿ ಇರಬಹುದಾ ಅಂತ ನೋಡಿದರೆ ಆ ರಾತ್ರಿ ಕೆಪಿ ಸೂಚ್ಯಂಕ (ಭೂಕಾಂತ ಕಲಕಾಟದ ಅಳತೆ) ಬರೀ 2. ತಿಳಿದವರು ದಾರಿ ಹೇಳಿ.

ಎಲ್‌ಬ್ಯಾಂಡ್_ತುಮಕೂರು ಬರೆದದ್ದು:

ಸರ್, ನೀವು ಕೊಟ್ಟ ಗಡಿಯಾರದ ಹೊತ್ತೇ ಅರ್ಧ ಉತ್ತರ. ಇದು ಸೂರ್ಯನಿಂದ ಬಂದ ಬಿರುಗಾಳಿ ಅಲ್ಲ. ಸೂರ್ಯ ಮುಳುಗಿದ ಮೇಲೆ ನಮ್ಮ ತಲೆ ಮೇಲೇ ಏಳುವ ಪ್ಲಾಸ್ಮಾ ಗುಳ್ಳೆಗಳ ಕೆಲಸ. ಇದಕ್ಕೆ ಕೆಪಿ ಏರಬೇಕಾಗಿಲ್ಲ. ಕೆಪಿ 1 ಇದ್ದ ರಾತ್ರಿಯೂ ಬರುತ್ತದೆ.

ಆಗುವುದು ಹೀಗೆ. ಹಗಲಿನಲ್ಲಿ ಬಿಸಿಲು ಗಾಳಿಯ ಕಣಗಳಿಂದ ಎಲೆಕ್ಟ್ರಾನ್ ಕಿತ್ತು ಅಯಾನುಗೋಳ ಕಟ್ಟುತ್ತದೆ. ಕತ್ತಲಾದ ಕೂಡಲೇ 100-120 ಕಿ.ಮೀ. ಎತ್ತರದ ಕೆಳಪದರ ಬೇಗ ಕರಗಿಹೋಗುತ್ತದೆ, 300 ಕಿ.ಮೀ. ಮೇಲಿನ ದಟ್ಟ ಪದರ ಮಾತ್ರ ಉಳಿಯುತ್ತದೆ. ಅದೇ ಹೊತ್ತಿಗೆ ಪೂರ್ವಾಭಿಮುಖ ವಿದ್ಯುತ್ ಕ್ಷೇತ್ರ ಸ್ವಲ್ಪ ಕಾಲ ಜೋರಾಗಿ, ಆ ದಟ್ಟ ಪದರವನ್ನು ಇನ್ನೂ ಮೇಲಕ್ಕೆ ಎತ್ತುತ್ತದೆ. ಭಾರದ್ದು ಮೇಲೆ, ಹಗುರದ್ದು ಕೆಳಗೆ. ನೀರಿನ ತಳದಲ್ಲಿ ಸಿಕ್ಕಿಬಿದ್ದ ಎಣ್ಣೆಯ ಹಾಗೆ ಹಗುರ ಭಾಗ ಗುಳ್ಳೆಯಾಗಿ ಮೇಲೇಳುತ್ತದೆ. ಗುಳ್ಳೆಯೊಳಗೆ ಎಲೆಕ್ಟ್ರಾನ್ ಸಾಂದ್ರತೆ ಸುತ್ತಲಿಗಿಂತ ಹತ್ತು ಪಟ್ಟು, ನೂರು ಪಟ್ಟು ಕಡಿಮೆ ಇರಬಹುದು. ಅಂಚುಗಳು ಒಡೆದು ಚೂರುಚೂರಾಗಿರುತ್ತವೆ. ಉಪಗ್ರಹದ ಮುಖ್ಯ ಆವರ್ತನವಾದ ಎಲ್1 (1575 ಮೆಗಾಹರ್ಟ್ಸ್) ಸಿಗ್ನಲ್‌ಗೆ ಹೆಚ್ಚು ಕಾಟ ಕೊಡುವುದು 300-400 ಮೀಟರ್ ಅಳತೆಯ ಚೂರುಗಳು. ಅವುಗಳಲ್ಲಿ ಹಾದುಬಂದ ಸಿಗ್ನಲ್ ಸೆಕೆಂಡುಗಳಲ್ಲಿ 20 ಡೆಸಿಬೆಲ್‌ವರೆಗೂ ಕುಸಿದು ಮತ್ತೆ ಏಳುತ್ತದೆ. ಇದಕ್ಕೇ ಸಿಂಟಿಲೇಷನ್ ಅನ್ನುವುದು.

ಮಾರ್ಚ್ ತಿಂಗಳೇ ಯಾಕೆ ಅಂದರೆ, ನಮ್ಮ ಕಡೆ ಕಾಂತೀಯ ಉತ್ತರಕ್ಕೂ ಭೌಗೋಳಿಕ ಉತ್ತರಕ್ಕೂ ವ್ಯತ್ಯಾಸ ಒಂದೆರಡು ಡಿಗ್ರಿ ಒಳಗೇ. ಹಾಗಾಗಿ ಹಗಲು ರಾತ್ರಿ ಸಮವಾಗುವ ದಿನಗಳ ಆಸುಪಾಸಿನಲ್ಲಿ, ಒಂದೇ ಕಾಂತ ರೇಖೆಯ ಉತ್ತರ ತುದಿಗೂ ದಕ್ಷಿಣ ತುದಿಗೂ ಒಟ್ಟಿಗೇ ಕತ್ತಲಾಗುತ್ತದೆ. ಗುಳ್ಳೆ ಏಳುವುದಕ್ಕೆ ಅದೇ ಹದ. ಫೆಬ್ರವರಿಯಿಂದ ಏಪ್ರಿಲ್, ಮತ್ತೆ ಸೆಪ್ಟೆಂಬರ್-ಅಕ್ಟೋಬರ್ ನಮ್ಮ ಸೀಸನ್. ಸೂರ್ಯನ ಹನ್ನೊಂದು ವರ್ಷದ ಚಕ್ರ ಏರಿದ ವರ್ಷಗಳಲ್ಲಿ ಹೆಚ್ಚು, ಇಳಿದ ವರ್ಷಗಳಲ್ಲಿ ಕಡಿಮೆ. ಈಗಿನ 25ನೇ ಚಕ್ರ ಗರಿಷ್ಠ ಹಂತದಲ್ಲಿದೆ ಎಂದು ಅಮೆರಿಕದ ನಾಸಾ ಮತ್ತು ನೋವಾ 2024ರ ಅಕ್ಟೋಬರ್‌ನಲ್ಲಿ ಹೇಳಿದವು. ಶಿಖರ ದಾಟಿದ ಮೇಲೂ ಎರಡು ಮೂರು ವರ್ಷ ಇದರ ಬಿಸಿ ಇದ್ದೇ ಇರುತ್ತದೆ.

ಇನ್ವರ್ಟರ್ ವಾದ ನಿಲ್ಲುವುದಿಲ್ಲ. ಏಳೂವರೆಗೆ ಪ್ಯಾನೆಲ್‌ನಿಂದ ಡಿಸಿ ಬರುವುದೇ ಇಲ್ಲ, ಬಹುಪಾಲು ಇನ್ವರ್ಟರ್‌ಗಳು ಮಲಗಿರುತ್ತವೆ. ಕೆಲವು ರಾತ್ರಿ ರಿಯಾಕ್ಟಿವ್ ಪವರ್‌ಗೆ ಓಡಿದರೂ ಅವುಗಳ ಸ್ವಿಚಿಂಗ್ ಇರುವುದು ಕಿಲೋಹರ್ಟ್ಸ್ ಲೆಕ್ಕದಲ್ಲಿ. ಅದರ ಗದ್ದಲ 1575 ಮೆಗಾಹರ್ಟ್ಸ್ ತನಕ ಏರುವುದಿಲ್ಲ. ಗದ್ದಲದಿಂದ ಕಾಟ ಇದ್ದರೆ ಮೊದಲು ಸಾಯುವುದು ನಿಮ್ಮ ಯುಎಚ್‌ಎಫ್ ಕೊಂಡಿ. ಅದನ್ನು ತಿಳಿಯುವುದು ಸುಲಭ: ಕಂಟ್ರೋಲರ್‌ನಲ್ಲಿ ಕರೆಕ್ಷನ್ ವಯಸ್ಸು (ಕೊನೆಯ ಕರೆಕ್ಷನ್ ಎಷ್ಟು ಹಳೆಯದು) ನೋಡಿ. ಫ್ಲೋಟ್ ಆದಾಗಲೂ 1-2 ಸೆಕೆಂಡ್ ಇದ್ದರೆ ರೇಡಿಯೋ ಚೆನ್ನಾಗಿದೆ, ತೊಂದರೆ ಉಪಗ್ರಹದ ದಾರಿಯಲ್ಲಿದೆ.

ಆಮೇಲೆ ಪ್ರತಿ ಉಪಗ್ರಹದ ಸಿಗ್ನಲ್ ಬಲದ ಕಂಬಪಟ್ಟಿ ನೋಡಿ. ಎಲ್ಲವೂ ಒಟ್ಟಿಗೆ ಇಳಿದರೆ ಜಾಮರ್, ಇಲ್ಲವೇ ಆಂಟೆನಾ ಕೇಬಲ್. ನಾಲ್ಕೈದು ಮಾತ್ರ ಕುಣಿಯುತ್ತಿದ್ದು ಉಳಿದವು ತಣ್ಣಗಿದ್ದರೆ ಸಿಂಟಿಲೇಷನ್. ಶೆಡ್ಡಿನ ತಗಡಿನಿಂದ ಪ್ರತಿಫಲನ ಆಗುತ್ತಿದ್ದರೆ ಏರಿಳಿತ ನಿಧಾನವಾಗಿರುತ್ತದೆ, ಜಿಪಿಎಸ್ ಉಪಗ್ರಹಗಳಲ್ಲಿ ಅದೇ ಮಾದರಿ ಮರುದಿನ ಸುಮಾರು 4 ನಿಮಿಷ ಮುಂಚೆ ಮತ್ತೆ ಕಾಣುತ್ತದೆ. ಗುಳ್ಳೆ ಹಾಗೆ ಹೊತ್ತು ಹಿಡಿದು ಬರುವುದಿಲ್ಲ.

ಮಾಸ್ಕ್ 25 ಡಿಗ್ರಿಗೆ ಏರಿಸಿ ನೋಡಿ.

ತಿರುಮಣಿ_ರೋವರ್ ಬರೆದದ್ದು:

ನಿನ್ನೆ ರಾತ್ರಿ ಬೇಸ್, ರೋವರ್ ಎರಡರಲ್ಲೂ 1 ಸೆಕೆಂಡ್ ಲಾಗ್ ಹಾಕಿದ್ದೆ. ಕರೆಕ್ಷನ್ ವಯಸ್ಸು 1 ಸೆಕೆಂಡ್ ದಾಟೇ ಇಲ್ಲ. 7:40ಕ್ಕೆ ಪಶ್ಚಿಮದ ಕಡೆ ಎರಡು, ಉತ್ತರದ ಕೆಳಗೆ ಮೂರು ಉಪಗ್ರಹ ಕುಣಿಯೋಕೆ ಶುರು. ಸಿಗ್ನಲ್ ಬಲ 45 ಇದ್ದದ್ದು 28ಕ್ಕೆ ಇಳಿದು ಮತ್ತೆ ಏರುತ್ತೆ. ಎಂಟು ಗಂಟೆ ಆಸುಪಾಸು ನೆತ್ತಿ ಮೇಲಿನವೂ ಸೇರಿಕೊಂಡವು. ದಕ್ಷಿಣದವು ಹೆಚ್ಚು ಅಲುಗಲಿಲ್ಲ. ಬೇಸ್‌ನಲ್ಲೂ ಹೀಗೇ. ಎಲ್1ಗಿಂತ ಎಲ್2 (ಎರಡನೇ ಆವರ್ತನ) ಮೊದಲು ಕೈಬಿಡುತ್ತೆ.

ಮಾಸ್ಕ್ 25 ಇಟ್ಟೆ. ಪಿಡಾಪ್ (ಉಪಗ್ರಹಗಳ ಹರಡಿಕೆಯ ಸೂಚಕ, ಕಡಿಮೆಯಿದ್ದಷ್ಟೂ ಒಳ್ಳೇದು) 4 ದಾಟಿತು, ಫಿಕ್ಸ್ ಇನ್ನೂ ತಡ.

ಗಡಿಕಲ್ಲು ಬರೆದದ್ದು:

25 ಡಿಗ್ರಿ ಬೇಡ. ಕಾರಣ ಹೇಳ್ತೀನಿ.

ಪಾವಗಡದಿಂದ ಉತ್ತರಕ್ಕೆ 20 ಡಿಗ್ರಿ ಎತ್ತರದಲ್ಲಿ ಕಾಣೋ ಉಪಗ್ರಹದ ಸಿಗ್ನಲ್ 350 ಕಿ.ಮೀ. ಪದರವನ್ನ ತೂರೋದು ನಿಮ್ಮ ತಲೆ ಮೇಲಲ್ಲ. ಲೆಕ್ಕ ಹಾಕಿದರೆ ಸುಮಾರು 780 ಕಿ.ಮೀ. ಉತ್ತರಕ್ಕೆ, ಅಂದರೆ ನಾಗಪುರದ ಅಕ್ಷಾಂಶದ ಹತ್ತಿರ. ಕಾಂತೀಯ ಸಮಭಾಜಕ ನಮಗೆ ದಕ್ಷಿಣದಲ್ಲಿ, ತಿರುವನಂತಪುರ-ತಿರುನೆಲ್ವೇಲಿ ಕಡೆ ಹಾಯುತ್ತೆ. ಅಲ್ಲಿ ಎದ್ದ ಪ್ಲಾಸ್ಮಾ ಕಾರಂಜಿ ಥರ ಎರಡೂ ಕಡೆ ಜಾರಿ ಗುಡ್ಡೆಯಾಗೋದು ಅಹಮದಾಬಾದ್-ಭೋಪಾಲ್-ಕೋಲ್ಕತ್ತ ಪಟ್ಟಿಯಲ್ಲಿ. ದಟ್ಟಣೆ ಹೆಚ್ಚಿದ್ದಲ್ಲಿ ಎಲ್ ಬ್ಯಾಂಡ್ ಸಿಂಟಿಲೇಷನ್ ಜೋರು. ನಮಗೆ ಗುಳ್ಳೆ ಬರೋದು ಹೆಚ್ಚು ರಾತ್ರಿ, ಆದರೆ ಪೆಟ್ಟು ಆ ಪಟ್ಟಿಯಷ್ಟಿಲ್ಲ. ಹಾಗಾಗಿ ನಿಮಗೆ ಹಾಳು ಉತ್ತರದ ಕೆಳಗಿನವು. ದಕ್ಷಿಣದ ಕೆಳಗಿನವು ಎಷ್ಟೋ ರಾತ್ರಿ ಒಳ್ಳೆಯವೇ. ಮಾಸ್ಕ್ 25 ಇಟ್ಟರೆ ಒಳ್ಳೆಯವೂ ಹೋಗ್ತವೆ. 15ಕ್ಕೆ ಇಟ್ಟು, ಕುಣಿಯೋ ಉಪಗ್ರಹಗಳನ್ನ ಕೈಯಲ್ಲೇ ಆಫ್ ಮಾಡಿ. ಕಂಟ್ರೋಲರ್‌ನ ಸ್ಯಾಟಲೈಟ್ ಪಟ್ಟಿಯಲ್ಲಿ ಒಂದೊಂದೇ ತೆಗೆಯೋ ಆಯ್ಕೆ ಬಹುಪಾಲು ಸಾಫ್ಟ್‌ವೇರ್‌ನಲ್ಲಿದೆ. ಪಿಡಾಪ್ 2.5 ಮೀರದ ಹಾಗೆ ನೋಡಿಕೊಂಡು ತೆಗೀರಿ.

ಪಶ್ಚಿಮದವು ಮೊದಲು ಕುಣಿದದ್ದಕ್ಕೂ ಕಾರಣ ಇದೆ. ರಾತ್ರಿ ಗುಳ್ಳೆಗಳು ಪಶ್ಚಿಮದಿಂದ ಪೂರ್ವಕ್ಕೆ ಸೆಕೆಂಡಿಗೆ 100 ಮೀಟರ್ ಆಸುಪಾಸು ತೇಲ್ತವೆ. ತುಮಕೂರಿನ ಮೇಲಿದ್ದದ್ದು ಕೋಲಾರದ ಮೇಲೆ ಬರೋಕೆ ಇಪ್ಪತ್ತು ನಿಮಿಷ ಹತ್ತಿರ. ಪಶ್ಚಿಮದ ಆಕಾಶವೇ ನಿಮಗೆ ಮುನ್ಸೂಚನೆ. ಅಲ್ಲಿ ಎರಡು ಉಪಗ್ರಹ ನಡುಗಿದರೆ ನಿಖರ ಕೆಲಸ ನಿಲ್ಲಿಸಿ, ಒರಟು ಕೆಲಸಕ್ಕೆ ಹೋಗಿ.

ಎಲ್2 ಮೊದಲು ಬಿದ್ದದ್ದು ರಿಸೀವರ್ ಹಳೇ ತಲೆಮಾರಿನದು ಅನ್ನೋ ಸುಳಿವು. ಹಳೇ ಗುಪ್ತ ಸಂಕೇತವನ್ನ ಪರೋಕ್ಷವಾಗಿ ಹಿಡಿಯೋ ಎಲ್2 ಟ್ರ್ಯಾಕಿಂಗ್ ತುಂಬಾ ದುರ್ಬಲ. ಹೊಸ ಸಿಗ್ನಲ್‌ಗಳಾದ ಎಲ್2ಸಿ, ಎಲ್5 ಹಿಡಿಯೋ ರಿಸೀವರ್ ಆದರೆ ಲಾಕ್ ಹೆಚ್ಚು ಹೊತ್ತು ನಿಲ್ಲುತ್ತೆ. ಆದರೆ ಎಲ್5 ಇದ್ದರೆ ಗುಳ್ಳೆ ಮುಟ್ಟಲ್ಲ ಅಂತ ಯಾರಾದರೂ ಮಾರೋಕೆ ಬಂದರೆ ನಂಬಬೇಡಿ. ಆವರ್ತನ ಇಳಿದಷ್ಟೂ ಸಿಂಟಿಲೇಷನ್ ಹೆಚ್ಚುತ್ತೆ. ಎಲ್1ಗೆ ಹೋಲಿಸಿದರೆ 1176.45 ಮೆಗಾಹರ್ಟ್ಸ್‌ನ ಎಲ್5ನಲ್ಲಿ ಎಸ್4 ಸೂಚ್ಯಂಕ (ಸಿಂಟಿಲೇಷನ್ ಅಳತೆ) ಒಂದೂವರೆ ಪಟ್ಟು. ಎಲ್5ನ ಬಲ ಇರೋದು ಅದರ ಸಂಕೇತದ ರಚನೆಯಲ್ಲಿ. ನಮ್ಮ ದೇಶದ ಉಪಗ್ರಹ ವ್ಯವಸ್ಥೆ ನಾವಿಕ್‌ನ ಎಸ್ ಬ್ಯಾಂಡ್, 2492 ಮೆಗಾಹರ್ಟ್ಸ್, ಈ ಲೆಕ್ಕದಲ್ಲಿ ಎಲ್1ನ ಅರ್ಧ ಪೆಟ್ಟು ಮಾತ್ರ ತಿನ್ನುತ್ತೆ. ಆದರೆ ಸರ್ವೆ ರಿಸೀವರ್‌ಗಳಲ್ಲಿ ಅದು ಸಿಗೋದು ಅಪರೂಪ.

ಈಗ ನಿಮ್ಮ 38 ಸೆಂ.ಮೀ. ಇದೇ ನಿಜವಾದ ಅಪಾಯ. ಫ್ಲೋಟ್ ಆದರೆ ಕೆಲಸ ನಿಲ್ಲುತ್ತೆ ಅಷ್ಟೇ. ಸುಳ್ಳು ಫಿಕ್ಸ್ ಆದರೆ ಕಂಬ ತಪ್ಪು ಜಾಗದಲ್ಲಿ ಇಳಿಯುತ್ತೆ. ಎಲ್1ನ ಅಲೆ 19 ಸೆಂ.ಮೀ., ಎಲ್2ನದು 24.4. ರಿಸೀವರ್ ಪೂರ್ಣ ಅಲೆಗಳ ಎಣಿಕೆ ಹಿಡಿದುಕೊಂಡು ಕೂತಿರುತ್ತೆ. ಸಿಗ್ನಲ್ ಕ್ಷಣಕಾಲ ಕುಸಿದಾಗ ಎಣಿಕೆ ಜಿಗಿದು, ಅದನ್ನ ಸರಿಮಾಡುವಾಗ ಒಂದೆರಡು ಅಲೆ ತಪ್ಪಿದರೆ ಅಡ್ಡಡ್ಡ ಕೆಲವು ಸೆಂಟಿಮೀಟರ್, ಎತ್ತರದಲ್ಲಿ ಹತ್ತಾರು ಸೆಂಟಿಮೀಟರ್ ತಪ್ಪು ಬರುತ್ತೆ. ಬೇಸ್‌ನಲ್ಲಿ ಜಿಗಿದರೆ ಎಲ್ಲಾ ರೋವರ್‌ಗಳೂ ಒಟ್ಟಿಗೆ ಹಾಳು.

ಕಾರ್ಸ್ ಕೆಟ್ಟದಾಗೋದು ದೂರದಿಂದ. ಸಾಧಾರಣ ರಿಸೀವರ್ ಹಾಳೆಯಲ್ಲಿ 8 ಮಿ.ಮೀ. ಜೊತೆಗೆ ಕಿ.ಮೀ.ಗೆ 1 ಮಿ.ಮೀ. ಅಂತ ಬರೆದಿರ್ತಾರೆ. ಅದು ಶಾಂತ ಅಯಾನುಗೋಳದ ಮಾತು. ಗುಳ್ಳೆಯ ಅಂಚಿನಲ್ಲಿ ಕಿ.ಮೀ.ಗೆ ನೂರಾರು ಮಿ.ಮೀ. ಇಳಿಜಾರು ಬರೋದುಂಟು. ಬೇಸ್ ಗುಳ್ಳೆಯ ಹೊರಗೆ, ರೋವರ್ ಒಳಗೆ ಇದ್ದರೆ ಕರೆಕ್ಷನ್ನೇ ತಪ್ಪು ಕಲಿಸುತ್ತೆ. ನೆಟ್‌ವರ್ಕ್ ಆರ್‌ಟಿಕೆ ಸ್ಟೇಷನ್‌ಗಳ ನಡುವೆ ನೇರ ಗೆರೆ ಎಳೆದು ಅಂದಾಜು ಮಾಡುತ್ತೆ. ನಡುವೆ ಗುಳ್ಳೆ ನಿಂತಿದ್ದರೆ ಆ ಗೆರೆಗೆ ಅರ್ಥವೇ ಇಲ್ಲ.

ಮಾಡಬೇಕಾದ್ದು: ಬೇಸನ್ನ ಬ್ಲಾಕ್ ಒಳಗೇ ತನ್ನಿ, ರೋವರ್ 1 ಕಿ.ಮೀ. ದಾಟದ ಹಾಗೆ. ಸಾಫ್ಟ್‌ವೇರ್‌ನಲ್ಲಿ ಫಿಕ್ಸ್ ಅಂಡ್ ಹೋಲ್ಡ್ ಇದ್ದರೆ ತೆಗೆದು ಕಂಟಿನ್ಯೂಯಸ್ ಇಡಿ, ಹೋಲ್ಡ್ ತಪ್ಪು ಎಣಿಕೆಯನ್ನೂ ಬಿಡದೆ ಹಿಡಿಯುತ್ತೆ. ರೇಷಿಯೋ (ಫಿಕ್ಸ್ ನಂಬೋದಕ್ಕೆ ಇರೋ ಅಳತೆ) ಮಿತಿ 3 ಇರೋದನ್ನ ಸಂಜೆ ಹೊತ್ತು 5ಕ್ಕೆ ಏರಿಸಿ. ಪ್ರತಿ ಸಾಲು ಶುರುವಿಗೂ ಕೊನೆಗೂ ಗೊತ್ತಿರೋ ಪಾಯಿಂಟ್ ಮೇಲೆ ಕೋಲು ಇಟ್ಟು ನೋಡಿ. ನಡುವೆ ಅನುಮಾನ ಬಂದರೆ ರೋವರ್‌ನ ಫಿಕ್ಸ್ ಬೇಕಂತಲೇ ಕಳೆದು, ಹೊಸದಾಗಿ ಹಿಡಿಸಿ, ಅದೇ ಪಾಯಿಂಟ್ ಮತ್ತೆ ಅಳೆಯಿರಿ. ಎರಡು ಅಳತೆಯ ನಡುವೆ ಇಪ್ಪತ್ತು ನಿಮಿಷವಾದರೂ ಇರಲಿ. ಕೂಡಲೇ ಅಳೆದರೆ ಅದೇ ಗುಳ್ಳೆಯಲ್ಲಿ ಅದೇ ತಪ್ಪು ಮರಳಿ ಬಂದು ಸರಿ ಅನ್ನಿಸುತ್ತೆ.

ಹೊತ್ತು ಬದಲಾಯಿಸೋದಾದರೆ ಇದೆಲ್ಲದರ ತಲೆನೋವೇ ಇಲ್ಲ. ಬೆಳಗಿನ ಜಾವ ನಾಲ್ಕರಿಂದ ಸೂರ್ಯ ಹುಟ್ಟೋವರೆಗೆ ನಮ್ಮ ಕಡೆ ಅಯಾನುಗೋಳ ಅತಿ ತೆಳು, ಒಂಬತ್ತರವರೆಗೂ ಸಾಮಾನ್ಯವಾಗಿ ಶಾಂತ. ಕಂಟ್ರಾಕ್ಟರ್‌ಗೆ ಒಪ್ಪಿಸಿ.

ರಿಲೇ_ಕೋಲಾರ ಬರೆದದ್ದು:

ಸರ್ವೆಯಲ್ಲಿ ನನಗೆ ಹೇಳೋಕೆ ಏನೂ ಇಲ್ಲ, ವಿದ್ಯುತ್ ಜಾಲದ ಪ್ರೊಟೆಕ್ಷನ್ ಕಡೆಯದು ಒಂದು ಮಾತು. ಸಬ್‌ಸ್ಟೇಷನ್ ಜಿಪಿಎಸ್ ಗಡಿಯಾರಕ್ಕೂ ಹೀಗೇ ಆಗುತ್ತಾ ಅಂತ ಈ ಸೀಸನ್‌ನಲ್ಲಿ ಕೇಳುವವರಿದ್ದಾರೆ. ಲೆಕ್ಕ ನೋಡಿ. ಅಯಾನುಗೋಳದ ಎಲೆಕ್ಟ್ರಾನ್ ಮೊತ್ತವನ್ನು ಚದರ ಮೀಟರಿಗೆ 10ರ 16ನೇ ಘಾತದ ಏಕಮಾನದಲ್ಲಿ ಅಳೆಯುತ್ತಾರೆ. ಒಂದು ಏಕಮಾನಕ್ಕೆ ಎಲ್1 ಸಿಗ್ನಲ್ 16 ಸೆಂ.ಮೀ. ತಡವಾಗುತ್ತದೆ. ನೂರು ಏಕಮಾನವಿದ್ದರೆ 16 ಮೀಟರ್. ಸರ್ವೆಯವರಿಗೆ ಅದು ಆಕಾಶವೇ ಕಳಚಿದ ಹಾಗೆ, ಗಡಿಯಾರಕ್ಕೆ ಬರೀ 54 ನ್ಯಾನೋಸೆಕೆಂಡ್. 50 ಹರ್ಟ್ಸ್‌ನಲ್ಲಿ ಫೇಸರ್ (ವಿದ್ಯುತ್ ಅಲೆಯ ಗಾತ್ರ, ಕೋನ) ಅಳತೆಗೆ 1 ಶೇಕಡಾ ದೋಷ ಬರಬೇಕಾದರೆ ಸುಮಾರು 32 ಮೈಕ್ರೋಸೆಕೆಂಡ್ ತಪ್ಪಬೇಕು.

ಗುಳ್ಳೆಗೆ ಕೆಲವು ಉಪಗ್ರಹ ಬಿದ್ದರೂ ತೊಂದರೆ ಇಲ್ಲ, ಗಡಿಯಾರವನ್ನು ಪೊಸಿಷನ್ ಹೋಲ್ಡ್‌ನಲ್ಲಿ ಇಟ್ಟಿರಬೇಕು ಅಷ್ಟೇ. ಆಂಟೆನಾ ಜಾಗ ಗೊತ್ತಿದ್ದರೆ ಸಮಯಕ್ಕೆ ಒಂದೇ ಉಪಗ್ರಹ ಸಾಕು. ಎಷ್ಟೋ ಕಡೆ ಕಮಿಷನಿಂಗ್ ಹೊತ್ತಿಗೆ ನ್ಯಾವಿಗೇಷನ್ ಮೋಡ್‌ನಲ್ಲೇ ಬಿಟ್ಟು ಹೋಗಿರುತ್ತಾರೆ. ಆಗ ನಾಲ್ಕಕ್ಕಿಂತ ಕಡಿಮೆಯಾದ ಕೂಡಲೇ ಸಂಜೆ ಹೊತ್ತು ಅಲಾರಂ ಹೊಡೆಯುತ್ತದೆ. ಅದನ್ನು ಬದಲಾಯಿಸಿ. ಉಪಗ್ರಹ ಸಿಗದಾಗ ಸಮಯ ಹಿಡಿದಿಡುವ ಒಳಗಿನ ಆಸಿಲೇಟರ್ ಓವನ್ (ತಾಪ ಕಾಯುವ ಪೆಟ್ಟಿಗೆ) ಇರುವುದಾ ಇಲ್ಲವಾ ಎಂದೂ ಹಾಳೆಯಲ್ಲಿ ನೋಡಿಕೊಳ್ಳಿ.

ಇನ್ನು ಟ್ರಾನ್ಸ್‌ಫಾರ್ಮರ್ ಸುಡುವ ಭಯ. 1989ರ ಮಾರ್ಚ್ 13ರಂದು ಕೆನಡಾದ ಕ್ವಿಬೆಕ್ ಜಾಲ ಸುಮಾರು 90 ಸೆಕೆಂಡಿನಲ್ಲಿ ಕುಸಿದು 60 ಲಕ್ಷ ಜನ ಒಂಬತ್ತು ಗಂಟೆ ಕತ್ತಲಲ್ಲಿ ಕೂತರು. ಅದು ಭೂಕಾಂತ ಬಿರುಗಾಳಿ ನೆಲದಲ್ಲಿ ಹುಟ್ಟಿಸಿದ ವಿದ್ಯುತ್ ಪ್ರವಾಹ, ಧ್ರುವದ ಕಡೆಯ ಅರೋರಾ ಪಟ್ಟಿಯ ಕೆಳಗಿನ ಕಾಯಿಲೆ. ಅಲ್ಲಿನ ಗಟ್ಟಿ ಬಂಡೆ, ಉದ್ದದ ಲೈನ್‌ಗಳು ಅದನ್ನು ಹೆಚ್ಚಿಸಿದವು. ಪ್ಲಾಸ್ಮಾ ಗುಳ್ಳೆಗೂ ಇದಕ್ಕೂ ಸಂಬಂಧವಿಲ್ಲ. ನಮ್ಮ 400 ಕೆವಿ ಯಾರ್ಡ್‌ಗೆ ಸಂಜೆ ಗುಳ್ಳೆ ಏನೂ ಮಾಡುವುದಿಲ್ಲ.

ಶಾರ್ಟ್‌ವೇವ್_ಗೌರಿಬಿದನೂರು ಬರೆದದ್ದು:

ಹಾಗಾದರೆ ಕೆಪಿ ನೋಡುವುದೇ ಬೇಡವಾ ಎಂಬ ಪ್ರಶ್ನೆ ಉಳಿಯುತ್ತದೆ. ನೋಡಬೇಕು, ಆದರೆ ಹೊತ್ತಿನ ಜೊತೆ ಸೇರಿಸಿ ನೋಡಬೇಕು. ಡ್ರೋನ್ ಆ್ಯಪ್‌ಗಳಲ್ಲಿ ಕೆಪಿ 5 ದಾಟಿದರೆ ಹಾರಿಸಬೇಡಿ ಅಂತ ಕೆಂಪು ತೋರಿಸುತ್ತವಲ್ಲ, ಅದು ಎತ್ತರದ ಅಕ್ಷಾಂಶದವರ ಅನುಭವದ ನಿಯಮ. ಇಲ್ಲಿ ಕೆಪಿ 1ರ ಮಾರ್ಚ್ ಸಂಜೆ, ಕೆಪಿ 6ರ ಜುಲೈ ಮಧ್ಯಾಹ್ನಕ್ಕಿಂತ ಕೆಟ್ಟದ್ದು.

ಬಿರುಗಾಳಿ ಬಂದಾಗ ಎರಡು ಥರ ಆಗಬಹುದು. ಅದರ ಮುಖ್ಯ ಹಂತ ಸರಿಯಾಗಿ ನಮ್ಮ ಮುಸ್ಸಂಜೆಗೆ ಬಿದ್ದರೆ, ಧ್ರುವದ ಕಡೆಯಿಂದ ನುಗ್ಗಿ ಬರುವ ವಿದ್ಯುತ್ ಕ್ಷೇತ್ರ ಪದರವನ್ನು ಇನ್ನೂ ಎತ್ತುತ್ತದೆ, ಗುಳ್ಳೆ ಬಲವಾಗುತ್ತದೆ. ಅದೇ ಕೆಲವು ಗಂಟೆ ಮುಂಚೆ ಶುರುವಾಗಿದ್ದರೆ, ಧ್ರುವದಲ್ಲಿ ಕಾದ ಗಾಳಿ ಹರಿದುಬಂದು ಕ್ಷೇತ್ರವನ್ನು ತಿರುಗಿಸುತ್ತದೆ, ಆ ಸಂಜೆ ಗುಳ್ಳೆಯೇ ಏಳದೆ ಹೋಗಬಹುದು. ಹಾಗಾಗಿ ಬಿರುಗಾಳಿಯ ಮರುದಿನ ಸಂಜೆ ಎಷ್ಟೋ ಸಲ ಕೆಲಸ ಚೆನ್ನಾಗಿ ಆಗುತ್ತದೆ.

2024ರ ಮೇ 10ರ ಜಿ5 (ಅತಿ ತೀವ್ರ ವರ್ಗದ) ಬಿರುಗಾಳಿ ಭೂಮಿಗೆ ಬಡಿದದ್ದು ನಮ್ಮ ಗಡಿಯಾರದಲ್ಲಿ ರಾತ್ರಿ ಹತ್ತೂವರೆ ಹೊತ್ತಿಗೆ. 2003ರ ಅಕ್ಟೋಬರ್ ನಂತರ ಆ ಮಟ್ಟದ್ದು ಅದೇ ಮೊದಲು. ಲಡಾಖ್‌ನ ಹಾನ್ಲೆಯಿಂದ ಕೆಂಪು ಅರೋರಾ ಕಂಡಿತು. ಅಮೆರಿಕದಲ್ಲಿ ಬಿತ್ತನೆ ನಡೆಯುತ್ತಿದ್ದ ಟ್ರಾಕ್ಟರ್‌ಗಳ ಆರ್‌ಟಿಕೆ ದಾರಿ ತಪ್ಪಿ ರೈತರು ಕೆಲಸ ನಿಲ್ಲಿಸಬೇಕಾಯಿತು. ಅಲ್ಲಿಯವರಿಗೆ ಇದು ದಶಕಗಳಿಗೊಮ್ಮೆ ಬರುವ ಅನುಭವ, ನಮಗೆ ವರ್ಷಕ್ಕೆ ಎರಡು ಸೀಸನ್. ನಮ್ಮ ಅಕ್ಷಾಂಶಕ್ಕೆ ತಕ್ಕ ನಿಯಮಗಳನ್ನು ನಾವೇ ಬರೆದುಕೊಳ್ಳಬೇಕು.

ಹಗಲಿನ ಕಾಟ ಬೇರೆಯೇ. ಸೂರ್ಯನಲ್ಲಿ ಎಕ್ಸ್ ವರ್ಗದ ಜ್ವಾಲೆ ಸಿಡಿದರೆ ಎಂಟು ನಿಮಿಷದಲ್ಲಿ ಎಕ್ಸ್‌ರೇ ಬಂದು ಕೆಳಗಿನ ಡಿ ಪದರ ದಪ್ಪವಾಗುತ್ತದೆ. 7 ಮೆಗಾಹರ್ಟ್ಸ್ ಹ್ಯಾಮ್ ಬ್ಯಾಂಡ್ ಹತ್ತಾರು ನಿಮಿಷ ಮೌನ. ಮೇಲಿನ ಬ್ಯಾಂಡ್‌ಗಳು ಮೊದಲು ಮರಳುತ್ತವೆ, ಹಾಗಾಗಿ 21 ಅಥವಾ 28ರಲ್ಲಿ ಪ್ರಯತ್ನಿಸಿ. ಎಫ್‌ಎಂ, ಮೊಬೈಲ್, ಡಿಟಿಎಚ್‌ಗೆ ಇದರಿಂದ ಏನೂ ಆಗದು. ಡಿಟಿಎಚ್ ಹೋದರೆ ಮಳೆ ಮೋಡ ನೋಡಿ. ಜ್ವಾಲೆಯ ಜೊತೆ ಪ್ಲಾಸ್ಮಾ ಮೋಡ ಹೊರಟಿದ್ದರೆ ಅದು ಇಲ್ಲಿಗೆ ಬರಲು ಸಾಮಾನ್ಯವಾಗಿ ಒಂದರಿಂದ ಮೂರು ದಿನ. ಗೌರಿಬಿದನೂರಿನ ರೇಡಿಯೋ ವೀಕ್ಷಣಾಲಯ ಹಗಲು ಹೊತ್ತು ಸೂರ್ಯನ ಕಡಿಮೆ ಆವರ್ತನದ ಸಿಡಿತಗಳನ್ನು ದಾಖಲಿಸುತ್ತದೆ. ಆವರ್ತನ ಮೇಲಿನಿಂದ ಕೆಳಕ್ಕೆ ನಿಧಾನವಾಗಿ ಜಾರುವ ಎರಡನೇ ಬಗೆಯ ಸಿಡಿತ ಕಂಡರೆ, ಸೂರ್ಯನಿಂದ ಆಘಾತದ ಅಲೆ ಹೊರಟಿದೆ ಎಂದು ಅರ್ಥ. ಆಂಧ್ರದ ಗಾದಂಕಿಯಲ್ಲಿ, ಕೋಲಾರದ ಅಕ್ಷಾಂಶದ ಹತ್ತಿರವೇ ಪೂರ್ವಕ್ಕೆ, 53 ಮೆಗಾಹರ್ಟ್ಸ್ ರೇಡಾರ್ ಇದೆ. ಗುಳ್ಳೆಗಳ ಒಳಗಿನ ಚೂರುಗಳ ಪ್ರತಿಧ್ವನಿಯನ್ನು ಅದು ಹಿಡಿಯುತ್ತದೆ. ನಮ್ಮ ತಲೆ ಮೇಲೆ ನಡೆಯುವುದನ್ನು ಓದಿ ತಿಳಿಯಬೇಕೆನ್ನುವವರು ಅಲ್ಲಿನ ಪ್ರಬಂಧಗಳಿಂದ ಶುರುಮಾಡಿ.

ತಿರುಮಣಿ_ರೋವರ್ ಬರೆದದ್ದು:

ಎಲ್ಲರಿಗೂ ನಮಸ್ಕಾರ, ತುಂಬಾ ಉಪಕಾರ ಆಯ್ತು. ಕಂಟ್ರಾಕ್ಟರ್ ಬೆಳಗಿನ ಜಾವಕ್ಕೆ ಒಪ್ಪಿದ್ದಾರೆ. ಆದರೆ ಏಳೂವರೆ ನಂತರ ಆಗಲೇ ಗುರುತು ಹಾಕಿರೋ ಸಾಲುಗಳಿವೆ, ಕೆಲವಕ್ಕೆ ಕಾಂಕ್ರೀಟೂ ಆಗಿದೆ. ಎಲ್ಲಾ ಮತ್ತೆ ಅಳೀಬೇಕಾ?

ಗಡಿಕಲ್ಲು ಬರೆದದ್ದು:

ಎಲ್ಲಾ ಬೇಡ. ಕಂಟ್ರೋಲರ್‌ನಿಂದ ಪಾಯಿಂಟ್ ವರದಿ ತೆಗೆದು ಸಮಯದ ಪ್ರಕಾರ ಜೋಡಿಸಿ. ಸಂಜೆ 7ರಿಂದ 11ರವರೆಗಿನವು ಮಾತ್ರ ಬೇರೆ ಮಾಡಿ. ಅದರಲ್ಲಿ ಪ್ರತಿ ಸಲ ಫಿಕ್ಸ್ ಹೋಗಿ ಮತ್ತೆ ಬಂದ ಕ್ಷಣಕ್ಕೊಂದು ಗೆರೆ ಎಳೀರಿ. ಎರಡು ಗೆರೆ ನಡುವಿನ ಪಾಯಿಂಟ್‌ಗಳೆಲ್ಲ ಸಾಮಾನ್ಯವಾಗಿ ಒಂದೇ ಎಣಿಕೆಯ ಮೇಲೆ ನಿಂತಿರ್ತವೆ. ತಪ್ಪಾದರೆ ಹೆಚ್ಚು ಕಡಿಮೆ ಅಷ್ಟೂ ಒಂದೇ ಅಳತೆಗೆ ತಪ್ಪಿರುತ್ತವೆ. ಹಾಗಾಗಿ ಪ್ರತಿ ಗುಂಪಿನ ಮೊದಲನೇದು, ಕೊನೇದು, ನಡುವೆ ಒಂದು ಅಳೆದರೆ ಸಾಕು. ಮೂರೂ 20 ಮಿ.ಮೀ. ಒಳಗಿದ್ದರೆ ಗುಂಪು ಬಿಡಿ. ಒಂದು ತಪ್ಪಿದರೂ ಆ ಗುಂಪು ಪೂರ್ತಿ ಅಳೀರಿ, ಗುಂಪಿನ ನಡುವೆಯೂ ಎಣಿಕೆ ಜಿಗಿದಿರಬಹುದು.

ಮರು ಅಳತೆಗೆ ರೋವರ್ ಬೇಡ, ಟೋಟಲ್ ಸ್ಟೇಷನ್ ಇಡಿ. ಮಧ್ಯಾಹ್ನ ಸ್ಟ್ಯಾಟಿಕ್‌ನಲ್ಲಿ (ರಿಸೀವರ್ ಒಂದೇ ಕಡೆ ಹೊತ್ತು ನಿಲ್ಲಿಸಿ) ಕಟ್ಟಿದ ಕಂಟ್ರೋಲ್ ಪಾಯಿಂಟ್ ಇದ್ದರೆ ಅದನ್ನ ಬೆಳಗ್ಗೆ ಇನ್ನೊಂದು ಗಂಟೆ ಲಾಗ್ ಹಾಕಿ ತಾಳೆ ನೋಡಿ, ಆಮೇಲೆ ಅದರಿಂದ ಹೊರಡಿ. ಎತ್ತರಕ್ಕೆ ಆಟೋ ಲೆವೆಲ್ ಓಡಿಸಿ. ಎಂಟು ಗಂಟೆ ಒಳಗೇ ಮುಗಿಸಿ, ಆಮೇಲೆ ನೆಲದ ಝಳಕ್ಕೆ ಸ್ಟಾಫ್ ಓದು ಕುಣಿಯುತ್ತೆ. ಕಾಂಕ್ರೀಟ್ ಆಗಿರೋವುಗಳಲ್ಲಿ ಎತ್ತರ ಮಾತ್ರ ತಪ್ಪಿದ್ದರೆ ಮೇಲಿನ ಕ್ಲಾಂಪ್‌ನಲ್ಲಿ ಎಷ್ಟು ಹೊಂದಿಸಬಹುದು ಅಂತ ಸ್ಟ್ರಕ್ಚರ್ ಡ್ರಾಯಿಂಗ್ ನೋಡಿ, ಆಮೇಲೆ ಒಡೆಯೋ ಮಾತು.